ಅರ್ಜಿಯಲ್ಲಿ ಇಲ್ಲದ ಬೊಬ್ಬೆ

ಬಾಲ್ಯದಲ್ಲಿ ನಾನು ಏನನ್ನು ಒಡೆದರೂ ಅಜ್ಜಿ, “ಹುಡುಗ ಅಲ್ವಾ, ಬಿಡಿ” ಎನ್ನುತ್ತಿದ್ದರು. ಒಡೆದದ್ದು ಮಡಕೆಯಲ್ಲ, ಮನುಷ್ಯನ ತಲೆಯಾದರೆ ಆ ಮಾತು ಸಲ್ಲುತ್ತದೆಯೇ?

ನಾನು ಎಂ.ಎ. ಮುಗಿಸಿದ ವರ್ಷ, ಪುತ್ತೂರಿನಿಂದ ಸುಳ್ಯಕ್ಕೆ ಹೊರಟ ನಮ್ಮ ಬಸ್ಸು ಮುಂದಿನ ಬಸ್ಸನ್ನು ಹಿಂದಿಕ್ಕುವ ಭರದಲ್ಲಿ, ರಸ್ತೆಯಂಚಿನಲ್ಲಿ ಮೀನಿನ ಬುಟ್ಟಿ ಹೊತ್ತು ನಡೆಯುತ್ತಿದ್ದ ಇದಿನಬ್ಬ ಎಂಬವರನ್ನು ಬಲಿ ತೆಗೆದುಕೊಂಡಿತು. ಡ್ರೈವರ್ ಶೀನನಿಗೆ ಇಪ್ಪತ್ತೆರಡು ವರ್ಷ. ಅವನಿಗೆ ಜೈಲಾಗದಿರಲೆಂದು ಅಂದಿನ ಪ್ರಯಾಣಿಕರು ಸುಳ್ಯದ ಹೋಟೆಲೊಂದರಲ್ಲಿ ಸೇರಿ, ಅರ್ಜಿ ಬರೆಯುವ ಹೊಣೆಯನ್ನು ನನಗೆ ಒಪ್ಪಿಸಿದರು. ಮೃತರ ತಮ್ಮ ಮೋನು ಅವರನ್ನೂ ರುಜುವಿಗೆಂದು ಕರೆಸಿದ್ದರು.

“ಹುಡುಗ ಅಲ್ವಾ ಮಾರಾಯ್ರೆ, ಚಂದ ಮಾಡಿ ಬರೆಯಿರಿ” ಎಂದರು ಕಂಡಕ್ಟರು.

ನಾನು ಹುರುಪಿನಿಂದ ಬರೆದು ಗಟ್ಟಿಯಾಗಿ ಓದತೊಡಗಿದೆ: “ಆಕಸ್ಮಿಕವಾಗಿ ಸಂಭವಿಸಿದ ಈ ದುರ್ಘಟನೆಯು...”

“ಆಕಸ್ಮಿಕ ಅಂದ್ರೆ ಎಂತ ಮಾಷ್ಟ್ರೆ?” ಎಂದರು ಮೋನು.

“ಯಾರೂ ಬಯಸದೆ, ತಾನಾಗಿ ಆದದ್ದು.”

“ಹಾಗಾದ್ರೆ ಬಸ್ಸಿನೊಳಗಿಂದ ‘ಬಿಡಬೇಡ ಶೀನ, ಅವನನ್ನು ಹಿಂದೆ ಹಾಕು’ ಅಂತ ಬೊಬ್ಬೆ ಕೇಳಿತಲ್ಲ, ಅದು ಎಂತ? ಅಣ್ಣನ ಹಿಂದೆಯೇ ನಾನಿದ್ದೆ.”

ಆ ಬೊಬ್ಬೆಯಲ್ಲಿ ಎಲ್ಲರಿಗಿಂತ ದೊಡ್ಡ ದನಿ ನನ್ನದೇ. ವೇಗದ ಅಮಲಿನಲ್ಲಿ ನಾನು ಎದ್ದು ನಿಂತೇ ಕೂಗಿದ್ದೆ. ‘ಆಕಸ್ಮಿಕ’ದ ಈ ಅರ್ಥವನ್ನು ನನ್ನ ಪದವಿ ಕಲಿಸಿರಲಿಲ್ಲ.

ಅರ್ಜಿಯನ್ನು ಹರಿದು ಎದ್ದು ನಿಂತೆ.

“ಶೀನ ಜೈಲಿಗೆ ಹೋಗಬೇಕು. ಅವನ ವೇಗಕ್ಕೆ ನಾನೇ ಸಾಕ್ಷಿ.”

“ಮತ್ತೆ ನಿಮ್ಮ ಬೊಬ್ಬೆಯನ್ನು ಎಂತ ಮಾಡುದು ಮಾರಾಯ್ರೆ?” ಎಂದರು ಕಂಡಕ್ಟರು.

“ಅದನ್ನೂ ಕೋರ್ಟಿನಲ್ಲಿ ಹೇಳುತ್ತೇನೆ.”