ದೊಡ್ಡಪ್ಪನ ಬಸ್ಸಿನಲ್ಲಿ ಘಟ ಕೂತದ್ದು

ನಮ್ಮ ದೊಡ್ಡಪ್ಪ ಶಿವರುದ್ರಪ್ಪನವರು ಪುಣೆಯ ಮಾರ್ಕೆಟ್ ಯಾರ್ಡಿನ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಆಯುಷ್ಯವೆಲ್ಲ ಗುಮಾಸ್ತಿಕೆ ಮಾಡಿದವರು. ಬೇರೆಯವರ ಲಾರಿಗಳನ್ನು ಇಂದೋರಿಗೆ, ಕೊಚ್ಚಿಗೆ, ಗುವಾಹಟಿಗೆ ಕಳಿಸಿ, ಸಂಜೆ ತಾವು ಮಾತ್ರ ಸಿಟಿ ಬಸ್ಸು ಹಿಡಿದು ಕಾತ್ರಜದ ಮನೆಗೆ ಬರುತ್ತಿದ್ದರು. ಅವರೊಳಗೆ ಎಂಥ ತಿರುಗುವ ಹುಚ್ಚು ಇತ್ತೆಂಬುದು ನಮಗೆ ತಿಳಿದದ್ದು ಅವರು ರಿಟೈರ್ ಆದ ಮೇಲೆ. ಒಂದು ಹಳೆಯ ಸ್ಕೂಲ್ ಬಸ್ಸು ಕೊಂಡು, ದೌಂಡದ ಗ್ಯಾರೇಜಿನಲ್ಲಿ ನಿಲ್ಲಿಸಿ, ಒಳಗೆ ಮಂಚ, ಕಟ್ಟೆ, ಒಲೆ, ನೀರಿನ ಟಾಕಿ, ಬಚ್ಚಲು ಎಲ್ಲ ಮಾಡಿಸಿದರು. ರಸ್ತೆಗಿಳಿಸಿದರೆ ಹುಡುಗರು ಸಿನಿಮಾದವರ ಗಾಡಿಯೆಂದು ಓಡಿಬಂದು, ಶೂಟಿಂಗ್ ಎಲ್ಲಿ ಕಾಕಾ ಎಂದು ಮರಾಠಿಯಲ್ಲಿ ಕೇಳುತ್ತಿದ್ದರು. ದೊಡ್ಡಪ್ಪ ಅದಕ್ಕೂ ಹಿಗ್ಗುತ್ತಿದ್ದರು.

ಹಿಗ್ಗದವಳು ದೊಡ್ಡವ್ವ ಶಿವಗಂಗವ್ವ ಒಬ್ಬಳೇ. ಎರಡು ವರ್ಷ ಆ ಬಸ್ಸಿನ ಮೆಟ್ಟಿಲು ತುಳಿಯಲಿಲ್ಲ. ಅದಕ್ಕೆ 'ಡಬ್ಬಿ' ಎಂದು ಹೆಸರಿಟ್ಟಿದ್ದಳು.

"ಛಲೋ ಮನಿ ಬಿಟ್ಟು ಡಬ್ಬ್ಯಾಗ ಯಾಕ ಮಲಗಬೇಕ್ರಿ? ಮನಿ ಯಾರು ನೋಡ್ತಾರ?"

ದೊಡ್ಡಪ್ಪನಿಗೆ ಒಬ್ಬರೇ ತಿರುಗುವ ಆಸೆ ಇರಲಿಲ್ಲ. ಅವಳು ಪಕ್ಕದಲ್ಲಿ ಕೂತು ಬಯ್ಯುತ್ತಿದ್ದರೇ ಅವರಿಗೆ ಪ್ರಯಾಣ. ಬೇಡಿ ಬೇಡಿ ಸಾಕಾಗಿ ಕಳೆದ ವರ್ಷ ಅವರೇ ಒಂದು ಮಾತು ಕೊಟ್ಟರು. ಮಹಾಲಯ ಅಮಾವಾಸ್ಯೆಗೆ ಮಹಾಲಿಂಗಪುರದ ಅವಳ ಅಣ್ಣನ ಮನೆಗೆ ಒಮ್ಮೆ ಇದರಲ್ಲಿ ಹೋಗಿಬರುವುದು. ಹಿಂದೆ ನಮ್ಮ ಕಾರನ್ನು ಕಟ್ಟಿಕೊಳ್ಳುವುದು. ಎಲ್ಲಿ ಬೇಸರವಾದರೂ ಅವಳು ಕಾರು ಹತ್ತಿ ಮನೆಗೆ ಬಂದುಬಿಡಬಹುದು. ಹಾಗೆ ಹತ್ತಿದಳೆಂದರೆ ಬಸ್ಸನ್ನು ಮಾರಿಬಿಡುವುದು. ಸಾಸವಡದ ಸ್ವಪ್ನಿಲ್ ಎಂಬ ಹುಡುಗ ಆಗಲೇ ಕೊಳ್ಳಲು ತುದಿಗಾಲ ಮೇಲೆ ನಿಂತಿದ್ದ.

ಕಾರು ಓಡಿಸಲು ಒಬ್ಬರು ಬೇಕಲ್ಲ. ದೊಡ್ಡಪ್ಪನ ತಮ್ಮನ ಮಗಳು ಶೈಲಾ, ಅಂದರೆ ನಾನು, ಬ್ಯಾಂಕಿಗೆ ರಜೆ ಹಾಕಿ ಹೊರಟೆ. ಮನಸ್ಸಿನಲ್ಲಿ ನಾನು ದೊಡ್ಡಪ್ಪನ ಪಾರ್ಟಿ. ದೊಡ್ಡವ್ವನೆದುರು ಹಾಗೆ ಹೇಳುವ ಧೈರ್ಯ ಯಾರಿಗಿದೆ?

ಹೋಗುವಾಗ ಅವಳು ಕಾರು ಹತ್ತಲಿಲ್ಲ. ಬಚ್ಚಲು ಇಕ್ಕಟ್ಟು, ಒಲೆ ಕುಣಿಯುತ್ತದೆ, ಮಂಚ ಮುಳ್ಳು, ಎಲ್ಲ ಅಂದಳು. ಆದರೆ ಹತ್ತಲಿಲ್ಲ. ಅಮಾವಾಸ್ಯೆಯ ಊಟ ಮುಗಿಸಿ ತಿರುಗಿ ಹೊರಟೆವು. ದೊಡ್ಡಪ್ಪನಿಗೆ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಕರಾಡದಲ್ಲಿ ತಂಗಿದೆವು. ಬೆಳಿಗ್ಗೆ ಸ್ನಾನ ಮಾಡಿಕೊಂಡೇ ಬೇಗ ಬಿಟ್ಟರೆ ಹತ್ತಕ್ಕೆಲ್ಲ ಕಾತ್ರಜ ಎಂಬುದು ಲೆಕ್ಕ.

ಆ ಬೆಳಿಗ್ಗೆ ತಪ್ಪಿಸುವಂಥದ್ದಲ್ಲ. ನವರಾತ್ರಿಯ ಪಾಡ್ಯ. ನಮ್ಮ ಮನೆತನದಲ್ಲಿ ಅಂದು ಮಧ್ಯಾಹ್ನದೊಳಗೆ ಘಟ ಹಾಕಬೇಕು. ಮಣ್ಣಿನಲ್ಲಿ ಐದು ಥರದ ಕಾಳು ಬಿತ್ತಿ, ನಡುವೆ ನೀರು ತುಂಬಿದ ಗಡಿಗೆ ಇಟ್ಟು ದೀಪ ಹಚ್ಚುತ್ತಾರೆ. ದಸರೆಯ ತನಕ ದೀಪ ಆರಬಾರದು, ಘಟ ಇಟ್ಟ ಜಾಗ ಬಿಟ್ಟು ಕದಲಬಾರದು, ಘಟ ಹಾಕಿದವರು ಅದನ್ನು ಬಿಟ್ಟು ಬೇರೆ ಕಡೆ ಮಲಗಬಾರದು. ಅತ್ತೆಯಿಂದ ದೊಡ್ಡವ್ವನ ಕೈಗೆ ಬಂದ ವ್ರತ ಅದು. ಆಪರೇಷನ್ ಆದ ವರ್ಷವೂ ಗೋಡೆ ಹಿಡಿದು ಬಂದು ದೀಪಕ್ಕೆ ಎಣ್ಣೆ ಹಾಕಿದವಳು. ಗಡಿಗೆ, ಕಾಳು, ಹಣತೆ, ಬತ್ತಿ ಎಲ್ಲವನ್ನೂ ಕರಾಡದ ಪೇಟೆಯಲ್ಲೇ ಕೊಂಡಿಟ್ಟುಕೊಂಡಿದ್ದಳು.

ಮಳೆ ಮುಗಿದು ಆಕಾಶ ತೊಳೆದಿಟ್ಟಂತಿತ್ತು. ಎರಡೂ ಬದಿಗೆ ಕಬ್ಬು, ಟೆಂಪೋಗಳ ತುಂಬ ಚೆಂಡುಹೂವು. ಸಾತಾರಾ ದಾಟಿ ಸ್ವಲ್ಪ ದೂರಕ್ಕೆ ಗಾಡಿಗಳೆಲ್ಲ ನಿಂತಿದ್ದವು. ದೊಡ್ಡಪ್ಪ ಇಳಿದು ಹೋಗಿ ಪೊಲೀಸರನ್ನು ಕೇಳಿಕೊಂಡು ಬಂದರು.

"ಮುಂದ ಟ್ಯಾಂಕರ್ ಬಿದ್ದದ. ದೊಡ್ಡ ಗಾಡಿಗೆ ಮಧ್ಯಾಹ್ನ ದಾಟಿದ ಮ್ಯಾಲೇ ಹಾದಿ. ಸಣ್ಣ ಕಾರಷ್ಟ ಹಳ್ಳಿ ರಸ್ತೇಲೆ ಬಿಡಾಕತ್ತಾರ."

ದೊಡ್ಡವ್ವ ಗಡಿಗೆಯ ಕಡೆ ನೋಡಿದಳು. ದೊಡ್ಡಪ್ಪ ಸುಳ್ಳು ಹೇಳಬಹುದಿತ್ತು. ನಾನಾಗಿದ್ದರೆ, ಇನ್ನರ್ಧ ತಾಸಿಗೆ ಬಿಡುತ್ತಾರಂತೆ ಎಂದು ತಳ್ಳಿಬಿಡುತ್ತಿದ್ದೆ. ದೊಡ್ಡಪ್ಪ ತಾವೇ ಬೋಲ್ಟು ಬಿಚ್ಚುವ ಪಾನಾ ತೆಗೆದುಕೊಂಡು ಹಿಂದೆ ಹೋಗಿ ಕಾರನ್ನು ಬಿಚ್ಚಿದರು. ಬೋಲ್ಟುಗಳನ್ನು ಒಂದೊಂದಾಗಿ ಒರೆಸಿ ಜೇಬಿಗೆ ಹಾಕಿಕೊಂಡರು. ನನಗೆ ನೋಡಲಾಗಲಿಲ್ಲ.

"ಹೊಂಡ್ರಿ. ಘಟದ ಹೊತ್ತಿಗೆ ಮುಟ್ಟತೀರಿ."

"ನೀವು?" ಎಂದಳು ದೊಡ್ಡವ್ವ.

"ಗಾಡಿ ಹಾದ್ಯಾಗ ಬಿಟ್ಟು ಹ್ಯಾಂಗ ಬರ್ಲಿ? ಸಂಜಿಗೆ ಬರ್ತೀನಿ."

"ದೀಪಕ್ಕ ಕೈ ಹಚ್ಚಾವ್ರು ಯಾರು?"

ಗಂಡ ಹೆಂಡತಿ ಇಬ್ಬರೂ ಒಂದೇ ಕಡ್ಡಿ ಹಿಡಿದು ಹಚ್ಚುವುದು ನಮ್ಮ ಮನೆಯ ಪದ್ಧತಿ.

"ಈ ವರ್ಷ ಶೈಲಾ ಹಚ್ಚತಾಳ ತಗೋ" ಎಂದು ಅವರು ಮುಖ ತಿರುಗಿಸಿದರು.

ದೊಡ್ಡವ್ವ ಸಿಟ್ಟಿನಿಂದಲೇ ಕಾರಿನಲ್ಲಿ ಕೂತಳು. ಹಳ್ಳಿ ರಸ್ತೆಗೆ ತಿರುಗುವಲ್ಲಿಗೆ ಬಂದಿದ್ದೆ. "ನಿಲ್ಲಸವಾ" ಅಂದಳು. ಇಳಿದವಳೇ ಲಾರಿಗಳ ಸಾಲಿನ ಪಕ್ಕದಲ್ಲಿ ಸೆರಗು ಬಿಗಿದುಕೊಂಡು ನಡೆದುಬಿಟ್ಟಳು. ನಾನು ಕಾರು ತಿರುಗಿಸಿಕೊಂಡು ಬರುವಷ್ಟರಲ್ಲಿ ದೊಡ್ಡಪ್ಪನ ಎದುರು ನಿಂತಿದ್ದಳು.

"ಮಣ್ಣು ತರ್ರಿ."

"ಏನ್ ಮಣ್ಣು?"

"ಘಟಕ್ಕ. ಆ ಹೊಲದಾಗಿಂದ. ಚಪ್ಪಲಿ ಬಿಟ್ಟು ಹೋಗ್ರಿ."

ಅರವತ್ತೆಂಟರ ಮನುಷ್ಯ ಬರಿಗಾಲಲ್ಲಿ ಕಬ್ಬಿನೊಳಗೆ ಓಡಿದರು. ದೀಪದ ಹತ್ತಿರ ಬೇಡವೆಂದು ನಾನು ಗ್ಯಾಸಿನ ಸಿಲಿಂಡರನ್ನು ಕಾರಿನ ಡಿಕ್ಕಿಗೆ ಸಾಗಿಸಿದೆ. ದೊಡ್ಡವ್ವ ಒಲೆಯ ಕಟ್ಟೆ ತೊಳೆದು ಘಟ ಹಾಕಿದಳು. ದೀಪವನ್ನು ಆಳವಾದ ಹಿತ್ತಾಳೆಯ ಬೋಗುಣಿಯೊಳಗೆ ಇಟ್ಟಳು. ಇಬ್ಬರೂ ಒಂದೇ ಕಡ್ಡಿ ಹಿಡಿದು ಹಚ್ಚಿದರು. ಅಕ್ಕಪಕ್ಕದ ಲಾರಿಯವರು ಬಂದು ಕೈಮುಗಿದು, ಸಕ್ಕರೆ ತಿಂದು ಹೋದರು.

ಹಾದಿ ಬಿಟ್ಟ ಮೇಲೆ ಕಾರನ್ನು ಮತ್ತೆ ಕಟ್ಟಿಕೊಂಡು ಹೊರಟೆವು. ಘಟ ಕದಲಬಾರದಲ್ಲ, ಅದು ತನ್ನ ಜಾಗದಲ್ಲೇ ಇತ್ತು. ಜಾಗವೇ ಪುಣೆಗೆ ಹೊರಟಿತ್ತು. ದೊಡ್ಡವ್ವ ಗಡಿಗೆಯನ್ನು ಎರಡೂ ಕೈಯಿಂದ ತಬ್ಬಿ ಕೂತಳು, ನಾನು ದೀಪ ಕಾದೆ. ದೊಡ್ಡಪ್ಪ ಎಷ್ಟು ಮೆಲ್ಲಗೆ ಓಡಿಸಿದರೆಂದರೆ ಟ್ರ್ಯಾಕ್ಟರುಗಳು ನಮ್ಮನ್ನು ಹಿಂದೆ ಹಾಕಿ ಹೋದವು. ಹಿಂದಿನವರು ಮರಾಠಿಯಲ್ಲಿ, ಹಿಂದಿಯಲ್ಲಿ ಬೈದರು. ಹುಬ್ಬಳ್ಳಿಯ ಒಬ್ಬ ನಮ್ಮ ಭಾಷೆಯಲ್ಲೇ ಚೆನ್ನಾಗಿ ಬೈದ. ದೊಡ್ಡಪ್ಪ ಮಾತ್ರ ಹಿಂದೆ ತಿರುಗಿ ತಿರುಗಿ ನಮ್ಮನ್ನೇ ಕೇಳುತ್ತಿದ್ದರು:

"ದೀಪ ಅದನ?"

"ಅದ್ರಿ. ನೀವು ಮುಂದ ನೋಡ್ರಿ" ಎನ್ನುತ್ತಿದ್ದಳು ದೊಡ್ಡವ್ವ.

ಕಾತ್ರಜಕ್ಕೆ ಬಂದು ನಮ್ಮ ಬಿಲ್ಡಿಂಗಿನ ಕೆಳಗೆ ಬಸ್ಸು ನಿಂತಿತು. ಮೇಲೆಯೇ ಮನೆ. ದೊಡ್ಡವ್ವ ಇಳಿಯಲಿಲ್ಲ. ಘಟ ಬಿಟ್ಟು ಬೇರೆ ಕಡೆ ಮಲಗುವಂತಿಲ್ಲವಲ್ಲ! ದಸರೆಯವರೆಗೂ ಇಬ್ಬರೂ ಅಲ್ಲೇ ಉಳಿದರು. ಮೇಲಿನ ಮನೆಯಿಂದ ನಾನು ಅಡಿಗೆ ಮಾಡಿ ತರುತ್ತಿದ್ದೆ. ಸೊಸೈಟಿಯ ಸೆಕ್ರೆಟರಿ, ಇಲ್ಲಿ ಬಸ್ಸು ನಿಲ್ಲಿಸುವಂತಿಲ್ಲ ಎಂದು ಜಗಳಕ್ಕೆ ಬಂದವಳು ಮರುದಿನದಿಂದ ಆರತಿಗೆ ಬರತೊಡಗಿದಳು. ಒಂದು ಬೆಳಿಗ್ಗೆ ದೊಡ್ಡಪ್ಪ ನನ್ನನ್ನು ಆಚೆಗೆ ಕರೆದು, "ಮಂಚ ಮೆತ್ತಗ ಅದ ಅಂದ್ಲು" ಎಂದು ಪಿಸುಗುಟ್ಟಿದರು.

ಆದರೂ ದೊಡ್ಡಪ್ಪ ಮಾತಿಗೆ ತಪ್ಪುವವರಲ್ಲ. ದಸರೆಯ ದಿನ ಘಟ ಎಬ್ಬಿಸಿ, ಮೊಳೆತ ಸಸಿಯನ್ನು ದೊಡ್ಡವ್ವ ಅವರ ಟೊಪ್ಪಿಗೆಗೆ ಸಿಗಿಸುವಾಗ ಹೇಳಿದರು:

"ಅವತ್ತ ನೀ ಕಾರ್ ಹತ್ತಿದ್ದಿ. ದೇವರ ಸಲುವಾಗಿ ತಿರುಗಿ ಬಂದಿ, ಅದು ಬ್ಯಾರೆ ಮಾತು. ಸ್ವಪ್ನಿಲ್‌ಗ ನಾಳೆ ಬಾ ಅಂತೀನಿ. ನಿನ್ನ ಸಾಮಾನು ತಗದಿಡು."

"ದೇವರ ಸಲುವಾಗಿ ಬಂದೆ ಅಂತ ಯಾರು ಹೇಳಿದ್ರು ನಿಮಗ?" ಎಂದಳು ದೊಡ್ಡವ್ವ. "ನಿಮ್ಮನ್ನ ಹಾದ್ಯಾಗ ಬಿಟ್ಟು ನಾ ಯಾವ ಮನೀಗೆ ಹೋಗಲಿ? ಫೋನ್ ಹಚ್ರಿ ಆ ಹುಡುಗಗ."

ದೊಡ್ಡಪ್ಪ ಫೋನ್ ತೆಗೆದರು. ಕಣ್ಣು ತುಂಬಿ ನಂಬರು ಕಾಣಲಿಲ್ಲ, ನನಗೆ ಕೊಟ್ಟರು. ನನಗೂ ಕಾಣಲಿಲ್ಲ. ಕೊನೆಗೆ ದೊಡ್ಡವ್ವನೇ ಕಸಿದುಕೊಂಡು, ಕನ್ನಡಕ ಏರಿಸಿ, ನಂಬರು ಹುಡುಕಿ, ಗಟ್ಟಿ ಮರಾಠಿಯಲ್ಲಿ ಸ್ವಪ್ನಿಲನಿಗೆ ಹೇಳಿದಳು: ಗಾಡಿ ಮಾರುವುದಿಲ್ಲ, ದೀಪಾವಳಿ ಮುಗಿಸಿ ನಾವು ಅದರಲ್ಲಿ ಶ್ರೀಶೈಲಕ್ಕೆ ಹೊರಟಿದ್ದೇವೆ. ಶ್ರೀಶೈಲಕ್ಕೆ ಹೊರಟಿರುವ ವಿಷಯ ದೊಡ್ಡಪ್ಪನಿಗೂ ಗೊತ್ತಾದದ್ದು ಆವಾಗಲೇ.