ಅತ್ತಿಗೆ ಹತ್ತದೆ ಹೋದ ಜಯಂಟ್ ವೀಲ್

ನೆಲಮಂಗಲದಾಚೆ ಹೆದ್ದಾರಿಗೆ ಅಂಟಿಕೊಂಡಂತಿರುವ ಒಂದು ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ನಾನು ಜಯಂಟ್ ವೀಲ್ ನಡೆಸುತ್ತಿದ್ದೆ. ನಿವೃತ್ತನಾಗಿ ಅರಿಶಿನಕುಂಟೆಯ ಮನೆಯಲ್ಲಿ ಕೂತವನಿಗೆ ಕಳೆದ ಚಳಿಗಾಲದಲ್ಲಿ ಅಲ್ಲಿಂದ ಫೋನ್ ಬಂತು. ಹೊಸ ಆಟಗಳನ್ನು ಹಾಕಿಸುವ ಯೋಚನೆಯಿದೆ, ಯಾವುದು ಬೇಕು ಯಾವುದು ಬೇಡ ಅಂತ ಹಳೇ ಆಪರೇಟರುಗಳನ್ನೂ ಕೇಳಬೇಕೆಂದಿದ್ದೇವೆ, ಮಧ್ಯಾಹ್ನ ಊಟ ಇರುತ್ತದೆ, ಬನ್ನಿ ಎಂದರು. ಹೋದೆ.

ಪಾರ್ಟಿ ಹಾಲಿನಲ್ಲಿ ಪರದೆ ಕಟ್ಟಿದ್ದರು. ಒಬ್ಬ ಚಿಕ್ಕ ವಯಸ್ಸಿನ ಎಂಜಿನಿಯರ್ ಚಿತ್ರಗಳನ್ನು ತೋರಿಸುತ್ತಾ ಹೋದ. ತಲೆ ಕೆಳಗಾಗಿ ಓಡುವ ರೈಲು, ಮೇಲಕ್ಕೆ ಒಯ್ದು ಕಲ್ಲಿನಂತೆ ಕೆಳಗೆ ಬಿಡುವ ಗೋಪುರ, ಕತ್ತಲೆಯ ಕೊಳವೆಯೊಳಗೆ ನೀರಿನ ಜಾರುಬಂಡೆ. ನನ್ನ ಪಕ್ಕದಲ್ಲಿ ಕೂತಿದ್ದವನು ತೂಗುವ ಹಡಗನ್ನು ನಡೆಸುತ್ತಿದ್ದ ಗೆಳೆಯ. ನಾವಿಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು.

"ಗುರು, ಇದ್ರಲ್ಲಿ ತಲೆ ಕೆಳಗಾದಾಗ ಹಲ್ಸೆಟ್ ಬಿದ್ದೋದ್ರೆ ಯಾರಪ್ಪಾ ಹುಡುಕ್ಕೊಡೋದು?" ಎಂದು ಅವನು ಕೇಳಿದ.

"ಇದು ನಿಮ್ಮ ಏಜ್ ಗ್ರೂಪ್‌ಗಲ್ಲ ಸಾರ್," ಎಂದ ಎಂಜಿನಿಯರ್.

"ಮತ್ತೆ ನಮ್ಮನ್ಯಾಕೆ ಕರೆಸಿದ್ದೀಯಾ? ಊಟ ಮಾಡ್ಸಕ್ಕಾ?"

ಎಲ್ಲರೂ ನಕ್ಕರು. ಎಂಜಿನಿಯರನೂ ನಕ್ಕ. ಒಳ್ಳೆಯ ಹುಡುಗ, ಕೇಳುವ ತಾಳ್ಮೆ ಇತ್ತು. ನನ್ನ ಸರದಿ ಬಂದಾಗ ನಾನು ಎದ್ದು ನಿಂತು ಹೇಳಿದೆ: ನಿಧಾನವಾಗಿ ತಿರುಗುವ ದೊಡ್ಡದೊಂದು ಚಕ್ರ ಹಾಕಿ. ಜನ ಕೂರುವ ತೊಟ್ಟಿಲಿನ ನೆಲ ಹತ್ತುವ ಕಟ್ಟೆಯ ಮಟ್ಟಕ್ಕೇ ಇರಲಿ, ಮೆಟ್ಟಿಲು ಬೇಡ. ಸೀರೆ ಉಟ್ಟವರು ಕಾಲೆತ್ತದೆ ಒಳಗೆ ಹೋಗುವಂತಿರಲಿ. ಬಾಗಿಲು ಅಗಲವಾಗಿರಲಿ. ಮೇಲೆ ಹೋದಾಗ ಸ್ವಲ್ಪ ಹೊತ್ತು ನಿಲ್ಲಲಿ, ಅವರವರ ಊರು ಯಾವ ಕಡೆ ಅಂತ ಹುಡುಕಿ ನೋಡುವಷ್ಟು.

"ಅದ್ರಲ್ಲಿ ಥ್ರಿಲ್ ಏನಿದೆ ಸಾರ್?"

"ನೆಲ ಬಿಟ್ಟು ಮೇಲೆ ಹೋಗೋದೇ ಕೆಲವರಿಗೆ ಥ್ರಿಲ್ ಕಣಪ್ಪಾ."

"ಯಾರಿಗೆ ಡಾಕ್ಟ್ರೇ?" ಎಂದು ಗೆಳೆಯ ಕೀಟಲೆ ಮಾಡಿದ. "ನಿಮ್ಮ ಬಿಪಿ ಅತ್ತಿಗೆಗಾ?"

ಪಾರ್ಕಿನಲ್ಲಿ ನನ್ನನ್ನು ಡಾಕ್ಟ್ರು ಅಂತಲೇ ಕರೆಯುತ್ತಿದ್ದರು. ಆ ಹೆಸರು ಹೇಗೆ ಬಂತೆಂದು ಹಳಬರಿಗೆಲ್ಲ ಗೊತ್ತು. ಅವರಿಗೆ ಅದು ನಗುವ ಸಂಗತಿ. ನಾನೂ ಬಹಳ ಕಾಲ ಅವರ ಜೊತೆ ನಕ್ಕಿದ್ದೇನೆ. ಅಂದು ಮಾತ್ರ ನಗಲಾಗದೆ ಕೂತುಬಿಟ್ಟೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಮಧುರೆ ಹೋಬಳಿಯ ಒಂದು ಹಳ್ಳಿ. ಅವ್ವ ತೀರಿಕೊಂಡಾಗ ನಾನಿನ್ನೂ ಚಿಕ್ಕವನು. ಅಣ್ಣನ ಹೆಂಡತಿಯೇ ನನ್ನನ್ನು ಬೆಳೆಸಿದ್ದು. ಎಮ್ಮೆ ಮೇಯಿಸುವ ನನ್ನ ಪಾಲಿನ ಕೆಲಸವನ್ನೂ ತಾನೇ ಮಾಡಿ ನನ್ನನ್ನು ಸ್ಕೂಲಿಗೆ ಕಳಿಸಿದವಳು ಅವಳು. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವನು ನಾನೊಬ್ಬನೇ. ಹಾಗಾಗಿ ಒಂದು ರೂಢಿ ಬೆಳೆಯಿತು. ಅಚ್ಚಾದ ಅಕ್ಷರ ಏನೇ ಮನೆಗೆ ಬರಲಿ, ಮಾತ್ರೆಯ ಪಟ್ಟಿ, ಗೊಬ್ಬರದ ಚೀಲ, ಲಗ್ನಪತ್ರಿಕೆ, ನಾನು ಓದಿ ಹೇಳಿದ್ದೇ ಕೊನೆ. ಅಣ್ಣ ಏನಾದರೂ ಎದುರಾಡಿದರೆ ಅತ್ತಿಗೆ, "ಅವ್ನು ಓದಿದೋನು, ಸುಮ್ನಿರು," ಎನ್ನುತ್ತಿದ್ದಳು. ನಾನು ಕೆಲಸ ಹಿಡಿದು ಅರಿಶಿನಕುಂಟೆಗೆ ಬಂದ ಮೇಲೂ ಕಾಗದಗಳನ್ನು ಎತ್ತಿಟ್ಟು ನಾನು ಊರಿಗೆ ಬರುವುದನ್ನೇ ಕಾಯುತ್ತಿದ್ದಳು.

ಪಾರ್ಕಿನಲ್ಲಿ ವರ್ಷಕ್ಕೊಂದು ದಿನ ನೌಕರರ ಮನೆಯವರಿಗೆ ಪುಕ್ಕಟೆ ಪ್ರವೇಶ. ನಾನು ಚಕ್ರಕ್ಕೆ ಸೂಪರ್‌ವೈಸರ್ ಆದ ವರ್ಷ ಅತ್ತಿಗೆಯೂ ಬಂದಳು. ಸೊಂಟಕ್ಕೆ ವಾಕಿಟಾಕಿ ಸಿಕ್ಕಿಸಿಕೊಂಡು ನಾನು ಕಟ್ಟೆಯ ಮೇಲೆ ನಿಂತಿದ್ದೆ. ಅವತ್ತೇ ಮ್ಯಾನೇಜರ್ ಸಾಹೇಬರು ತಮ್ಮ ಹೆಂಡತಿ, ನಾದಿನಿಯರನ್ನು ಕರೆದುಕೊಂಡು ಚಕ್ರದ ಹತ್ತಿರ ಬಂದಿದ್ದರು. ನಾನು ಅವರಿಗೆ ತೊಟ್ಟಿಲು ತುಂಬುವ ಕ್ರಮ ವಿವರಿಸುತ್ತಿದ್ದೆ. ಜಯಂಟ್ ವೀಲನ್ನು ಬಂದವರು ಬಂದಂತೆ ತುಂಬುವ ಹಾಗಿಲ್ಲ. ಒಂದು ತೊಟ್ಟಿಲಿಗೆ ಜನ ಹತ್ತಿಸಿದರೆ ಅರ್ಧ ಸುತ್ತು ತಿರುಗಿಸಿ ಎದುರಿನದಕ್ಕೂ ಅಷ್ಟೇ ಭಾರ ಹತ್ತಿಸಬೇಕು. ಇಲ್ಲದಿದ್ದರೆ ಚಕ್ರ ಒಂದು ಕಡೆಗೆ ಎಳೆಯುತ್ತದೆ. ಜನ ಕಡಿಮೆ ಇದ್ದಾಗಂತೂ ಜೊತೆಯಲ್ಲಿ ಬಂದವರನ್ನೂ ಬೇರೆ ಬೇರೆ ಕೂರಿಸಬೇಕಾಗುತ್ತದೆ.

ಅಷ್ಟರಲ್ಲಿ ನನ್ನ ಚಿಕ್ಕಂದಿನ ಅಡ್ಡಹೆಸರನ್ನು ಯಾರೋ ಗಟ್ಟಿಯಾಗಿ ಕೂಗಿದರು. ಮೂಗು ಸೋರುವ ಮಕ್ಕಳಿಗೆ ಇಡುವಂಥ ಹೆಸರು ಅದು. ತಿರುಗಿದೆ. ಅತ್ತಿಗೆ ಬರಿಗಾಲಲ್ಲಿ ಬರುತ್ತಿದ್ದಳು, ಒಂದು ಕೈಯಲ್ಲಿ ಟವೆಲಿನಲ್ಲಿ ಕಟ್ಟಿದ ಮುದ್ದೆ, ಇನ್ನೊಂದರಲ್ಲಿ ಮುಚ್ಚಳದ ಸಣ್ಣ ಬಕೆಟ್ಟಿನಲ್ಲಿ ಉಪ್ಪುಸಾರು. ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಗೇಟಿನವರ ಹತ್ತಿರ, ನಾನು ಇಂಥವನ ಅತ್ತಿಗೆ, ಅವನಿಗೆ ಉಪ್ಪುಸಾರು ಅಂದ್ರೆ ಪ್ರಾಣ ಅಂತ ಜಗಳವಾಡಿ ತಂದಿದ್ದಳು. ಅವಳ ಕೈಯ ಉಪ್ಪುಸಾರಿಗೆ ನಮ್ಮೂರಲ್ಲಿ ಹೆಸರಿತ್ತು. ಬೇಳೆ ಸೊಪ್ಪು ಬೇಯಿಸಿದ ನೀರಿಗೆ ಅವಳು ಕೈಯಳತೆಯಲ್ಲಿ ಉಪ್ಪು ಹಾಕಿದರೆ ಯಾವತ್ತೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ.

ಸಾಹೇಬರ ಮನೆಯವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಹಡಗು ನಡೆಸುವ ಗೆಳೆಯ ಅತ್ತಲಿಂದ ನೋಡುತ್ತಿದ್ದ.

"ನನ್ನೂ ಕೂರ್ಸೋ ಇದ್ರಲ್ಲಿ," ಎಂದಳು ಅತ್ತಿಗೆ. "ಮೇಲಿಂದ ನಮ್ಮ ಕೆರೆ ಕಾಣ್ತೈತಾ ನೋಡ್ತೀನಿ."

ಪಕ್ಕದಲ್ಲೇ ಎಚ್ಚರಿಕೆಯ ಬೋರ್ಡಿತ್ತು. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಹತ್ತಬಾರದು ಎಂದು ಅದರಲ್ಲಿ ಬರೆದಿತ್ತು. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ. ಇನ್ನೊಂದು ಕೈಯ ಗಡಿಯಾರ ನೋಡಿದೆ. ಫಸ್ಟ್ ಏಡ್ ಕೋಣೆಯ ನರ್ಸಮ್ಮ ಹಾಗೆ ಮಾಡುವುದನ್ನು ನೋಡಿದ್ದೆನೇ ಹೊರತು ನನಗೆ ನಾಡಿ ಎಲ್ಲಿ ಬಡಿಯುತ್ತದೆಂದೂ ತಿಳಿಯದು.

"ನಿಂಗೆ ಬಿಪಿ ಐತೆ ಅತ್ಗೆ. ನೀನು ಎತ್ತರಕ್ಕೆ ಹತ್ಬಾರ್ದು. ನೋಡಿಲ್ಲಿ, ಬೋರ್ಡಲ್ಲೇ ಬರ್ದವ್ರೆ. ಹೋಗು, ಆ ಮರದ ಕೆಳಗೆ ಕೂತ್ಕೋ."

ಅವಳು ಬೋರ್ಡನ್ನೂ ನನ್ನ ಮುಖವನ್ನೂ ನೋಡಿದಳು. "ಹೌದೇನಪ್ಪಾ?" ಎಂದಳು. ಮುಖದ ನಗು ಇಳಿಯಿತು. ಬಕೆಟ್ಟು ಹಿಡಿದುಕೊಂಡು ಮರದ ಕೆಳಗೆ ಹೋಗಿ ಸಂಜೆವರೆಗೂ ಅಲ್ಲೇ ಕೂತಿದ್ದಳು. ಅವತ್ತಿನಿಂದ ನಾನು ಡಾಕ್ಟ್ರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಂದಿನ ಸಲ ಊರಿಗೆ ಹೋದಾಗ ಒಲೆಯ ಮೇಲೆ ಎರಡು ಪಾತ್ರೆ ಇದ್ದವು. ಸಾರಿಗೆ ಉಪ್ಪು ಹಾಕುವ ಮೊದಲು ತನ್ನ ಪಾಲನ್ನು ಬೇರೆ ತೆಗೆದಿಡುತ್ತಿದ್ದಳು. ಬಿಪಿಗೆ ಉಪ್ಪು ಆಗದು ಎಂದು ಊರಿನವರು ಯಾರೋ ಹೇಳಿದ್ದರಂತೆ. ನಾನು ಬಾಯಿ ಬಿಡಬಹುದಿತ್ತು. ಅಣ್ಣ ಎದುರಿಗಿದ್ದ, ಹಾಗಾಗಿ ಬಿಡಲಿಲ್ಲ. ಆಮೇಲಾಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಎತ್ತರಕ್ಕೆ ಹತ್ತಬಾರದು ಎಂದ ನನ್ನ ಮಾತನ್ನೂ ಅವಳು ಹಾಗೇ ಪಾಲಿಸಿದಳು. ತಾರಸಿಯ ಮೇಲೆ ರಾಗಿ ಒಣಹಾಕಲು ಹೋಗುವುದನ್ನು ಬಿಟ್ಟಳು. ಮೊಮ್ಮಗ ಹುಟ್ಟಿದಾಗ ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಬಾಣಂತಿಯರ ವಾರ್ಡು ಮೇಲಿನ ಮಹಡಿಯಲ್ಲಿತ್ತು. ಎಲ್ಲರೂ ಮೇಲೆ ಹೋದರು. ಇವಳು ಕೆಳಗಿನ ಬೆಂಚಿನಲ್ಲೇ ಕೂತು ಹೋಗಿಬರುವವರನ್ನೆಲ್ಲ, "ಮಗು ಯಾರಂಗೈತೆ?" ಎಂದು ಕೇಳುತ್ತಿದ್ದಳು. ನಾನು ಅವಳ ಪಕ್ಕದಲ್ಲೇ ಕೂತು ಕಾಫಿ ಕುಡಿದೆ. ನನ್ನ ತಪ್ಪುಗಳಲ್ಲಿ ಆ ಕಾಫಿಯನ್ನು ನಾನು ಎಲ್ಲಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ. ಪಾರ್ಕಿನಲ್ಲಿ ಆಡಿದ್ದು ಒಂದು ಗಳಿಗೆಯ ಮಾತು. ಇಲ್ಲಿ ಯೋಚಿಸಲು ನನಗೆ ಬೇಕಾದಷ್ಟು ಹೊತ್ತಿತ್ತು.

ಅಣ್ಣ ಹೋದ ಮೇಲೆ ಅವಳು ಮಗ ಸೊಸೆಯ ಜೊತೆ ಇದ್ದಾಳೆ. ಗುಲಾಬಿ ತೋಟ ಇದೆ, ಚೆನ್ನಾಗಿದ್ದಾರೆ. ಈಚೆಗೆ ಆಶಾ ಕಾರ್ಯಕರ್ತೆ ಮನೆಗೆ ಬಂದು ಎಲ್ಲರ ಬಿಪಿ ನೋಡಿ, ಅಜ್ಜಿ ನಿಮ್ಮದು ಸರಿಯಾಗಿದೆ ಅಂದಳಂತೆ. ಅತ್ತಿಗೆ ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು: "ನನ್ ಮೈದುನ ಆವತ್ತೇ ನಾಡಿ ಹಿಡ್ದು ಹೇಳ್ದ. ಉಪ್ಪು ಬುಟ್ಟಿದ್ದಕ್ಕೇ ನಾನು ಉಳ್ಕೊಂಡಿರೋದು." ನಾನು ಊರಿಗೆ ಹೋದರೆ ಹೆಂಗಸರು ಕೈ ಚಾಚಿ, ನಮ್ಮದೂ ಸ್ವಲ್ಪ ನೋಡಪ್ಪಾ ಎನ್ನುವ ಮಟ್ಟಕ್ಕೆ ಬಂತು.

ಪಾರ್ಕಿನ ಸಭೆ ಆಗಿದ್ದು ಇದಾದ ಸ್ವಲ್ಪ ದಿನಕ್ಕೆ. ಮಾರನೇ ದಿನ ಬೆಳಿಗ್ಗೆಯೇ ಬಸ್ಸು ಹತ್ತಿದೆ. ಅತ್ತಿಗೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಎದುರು ಕೂತು ನಾನೂ ಒಂದು ಹಿಡಿ ತೆಗೆದುಕೊಂಡೆ.

"ಅತ್ಗೆ, ಆವತ್ತು ಪಾರ್ಕಲ್ಲಿ ಕೈ ಹಿಡ್ದು ನೋಡಿದ್ನಲ್ಲ, ಅದು ಸುಳ್ಳು."

"ಯಾವ್ದು?"

"ಬಿಪಿ ಅಂದಿದ್ದು."

"ಈಗಿಲ್ಲ ಬುಡಪ್ಪಾ. ಆಶಾದೋಳು ಮಿಷನ್ ಹಾಕಿ ನೋಡಿದ್ಲು."

"ಆವತ್ತೂ ಇರ್ಲಿಲ್ಲ. ನಂಗೆ ನಾಡಿ ನೋಡಕ್ಕೇ ಬರಲ್ಲ. ಸಾಹೇಬ್ರ ಮನೆಯೋರು ನಗ್ತಿದ್ರು. ನಂಗೆ ನಾಚ್ಕೆಯಾಯ್ತು. ನಿನ್ನ ಅಲ್ಲಿಂದ ಕಳ್ಸಕ್ಕೆ ಹಂಗಂದ್ಬಿಟ್ಟೆ."

ಅವಳ ಕೈ ನಿಲ್ಲಲಿಲ್ಲ. ಎರಡು ಕಾಯಿ ಸುಲಿದಳು. ಆಮೇಲೆ ಕೇಳಿದಳು: "ಬಕೀಟು ನೋಡಿ ನಾಚ್ಕೆ ಆಯ್ತಾ, ನನ್ ನೋಡಿ ಆಯ್ತಾ?"

"ನಿನ್ ನೋಡಿ."

ಬಾಗಿಲಲ್ಲಿ ನಿಂತಿದ್ದ ಸೊಸೆ ಎಲ್ಲ ಕೇಳಿಸಿಕೊಂಡಿದ್ದಳು. "ಅಯ್ಯೋ ಚಿಕ್ಮಾವ! ಈ ಮನೆಗೆ ಕಾಲಿಟ್ಟಾಗಿಂದ ದಿನಾ ಒಂದು ಪಾತ್ರೆ ಜಾಸ್ತಿ ತೊಳೀತಿದೀನಲ್ಲ ನಾನು!" ಎಂದಳು. ಬೇರೆ ದಿನವಾಗಿದ್ದರೆ ಅತ್ತಿಗೆ ನಗುತ್ತಿದ್ದಳು. ಅಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ಮಧ್ಯಾಹ್ನ ಊಟಕ್ಕೆ ಕರೆದಳು, ಅದೇ ನನಗೆ ಹೆಚ್ಚೆನಿಸಿತು. ಸೊಸೆ ಬಡಿಸಲು ಬಂದಾಗ, "ಇವತ್ತು ನಂಗೂ ಉಪ್ಪಿಂದೇ ಹಾಕು," ಎಂದಳು. ಮುದ್ದೆ ಮುರಿದು, ಸಾರಿಗೆ ಅದ್ದಿ ನುಂಗಿದಳು. ಮುಖ ಕಿವುಚಿದಳು. ನೀರು ಕುಡಿದು ಇನ್ನೊಂದು ತುತ್ತು ತೆಗೆದುಕೊಂಡಳು. ಅದೂ ಆಗಲಿಲ್ಲ.

"ಉಪ್ಪು ಸುರಿದ್ಬಿಟ್ಟಿದ್ದೀಯಲ್ಲಮ್ಮಾ."

"ಇಲ್ಲ ಅತ್ತೆ, ಸರಿಯಾಗೇ ಹಾಕಿದೀನಿ."

ನಾನು ರುಚಿ ನೋಡಿದೆ. ಸರಿಯಾಗಿಯೇ ಇತ್ತು, ಅತ್ತಿಗೆ ಕಲಿಸಿದ್ದ ಅಳತೆಯೇ. ಅವಳ ನಾಲಗೆಗೆ ಮಾತ್ರ ಅದು ಮರೆತುಹೋಗಿತ್ತು. ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ನಂಗಿನ್ನು ಆಗಲ್ಲ ಕಣಮ್ಮಾ, ಆ ಸಪ್ಪೇದೇ ತತ್ತಾ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಇವ್ನಿಗೂ ಅದ್ನೇ ಹಾಕು," ಎಂದಳು.

ಉಂಡೆ. ಸೊಪ್ಪು ಬೇಯಿಸಿದ ಬಿಸಿನೀರು, ಅಷ್ಟೇ. ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ನಾನು ತಟ್ಟೆ ಖಾಲಿ ಮಾಡುವವರೆಗೂ ಅವಳು ನೋಡುತ್ತಾ ಕೂತಿದ್ದಳು. ಕೈ ತೊಳೆದು ಬಂದ ಮೇಲೆ ಕೇಳಿದಳು:

"ಅದು ಈಗ್ಲೂ ತಿರುಗ್ತೈತಾ?"

"ಹೊಸದು ಹಾಕಿ ಅಂತ ನೆನ್ನೆ ಹೇಳಿ ಬಂದಿದೀನಿ ಅತ್ಗೆ. ಮೆಟ್ಲಿಲ್ದೇ ಇರೋದು, ನಿನ್ನಂಥೋರು ಸಲೀಸಾಗಿ ಕೂರೋ ಅಂಥದ್ದು."

"ಹೊಸದು ಬರೋಗಂಟ ನಾನಿರ್ತೀನಾ? ಹಳೇದು ಕೆಟ್ಟೋಗೈತಾ?"

"ಇಲ್ಲ."

"ಮತ್ತೆ?"

ಮುಂದಿನ ವಾರ, ಜನ ಕಡಿಮೆ ಇರುವ ದಿನ ನೋಡಿ ಹೋದೆವು. ಸೊಸೆಯೂ ಬಂದಳು. ಹಳೇ ಚಕ್ರದ ತೊಟ್ಟಿಲು ಎತ್ತರ, ಮಂಡಿ ನೋವಿನವರಿಗೆ ಆಗುವುದಿಲ್ಲ ಎಂದು ನಾನು ಮೊದಲೇ ಹೇಳಿದ್ದೆ. ಅತ್ತಿಗೆ ಅಡಿಗೆಮನೆಯ ಮಣೆಯನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಕಾಲಿಗೆ ಚಪ್ಪಲಿ ಇತ್ತು. ಗೇಟಿನಿಂದ ಚಕ್ರದವರೆಗೂ ನಾನು ಅವಳ ಪಕ್ಕದಲ್ಲೇ ನಡೆದೆ. ಎದುರಾದ ಹಳೇ ಪರಿಚಯದವರಿಗೆಲ್ಲ, ಇವಳು ನಮ್ಮತ್ತಿಗೆ ಎಂದೆ.

ಕಟ್ಟೆಯ ಮೇಲಿದ್ದ ಹೊಸ ಆಪರೇಟರ್ ನಿಯಮದಂತೆ ಕೇಳಿದ: "ಅಜ್ಜಿ, ಬಿಪಿ, ಹಾರ್ಟ್ ತೊಂದ್ರೆ ಏನಾದ್ರೂ ಇದೆಯಾ?"

ಅತ್ತಿಗೆ ಮಣಿಕಟ್ಟನ್ನು ನನ್ನ ಕಡೆಗೆ ಚಾಚಿದಳು. "ಇವನ್ನ ಕೇಳಪ್ಪಾ. ಇವ್ನಿಗೆ ಗೊತ್ತು."

"ಇಲ್ಲ," ಎಂದೆ ನಾನು. "ಏನೂ ಇಲ್ಲ."

ಮಣೆ ಇಟ್ಟೆ. ನನ್ನ ಹೆಗಲ ಮೇಲೆ ಕೈಯೂರಿ ಹತ್ತಿದಳು. ನಾನೂ ಪಕ್ಕದಲ್ಲಿ ಕೂರಲು ಹೋದಾಗ ಆಪರೇಟರ್ ತಡೆದ. ಬೇರೆ ಯಾರೂ ಇರಲಿಲ್ಲ, ಸೊಸೆ ತಲೆ ಸುತ್ತುತ್ತದೆಂದು ಹತ್ತಲು ಒಪ್ಪಲಿಲ್ಲ. "ಸಾರ್, ನಿಮಗೆ ಗೊತ್ತಲ್ಲ, ನೀವು ಎದುರಿನದ್ರಲ್ಲಿ ಕೂರ್ಬೇಕು," ಎಂದ. ಅವನು ಹೇಳಿದ್ದು ಸರಿ. ಅರ್ಧ ಸುತ್ತು ತಿರುಗಿಸಿದ, ನಾನು ಎದುರಿನದನ್ನು ಹತ್ತಿದೆ. ಹಾಗಾಗಿ ಅವಳು ಮೇಲಿದ್ದಾಗೆಲ್ಲ ನಾನು ಕೆಳಗೆ, ನಾನು ಮೇಲೆ ಹೋದಾಗ ಅವಳು ಕೆಳಗೆ. ಅವಳ ಸೀರೆಯ ಬಣ್ಣ ಕಂಡಿತೇ ಹೊರತು ಮುಖ ಕಾಣಲಿಲ್ಲ.

ಇಳಿದ ಮೇಲೆ, "ಕೆರೆ ಕಾಣ್ತಾ?" ಎಂದು ಕೇಳಿದೆ.

"ಎಲ್ಲಿ ಕಾಣ್ತೈತೆ? ಯಾವ ಕಡೆ ನೋಡ್ಬೇಕು ಅಂತ ತೋರ್ಸಕ್ಕೆ ಯಾರೂ ಇರ್ಲಿಲ್ವಲ್ಲ," ಎಂದಳು. ಮಣೆಯನ್ನು ಒರೆಸಿ ಚೀಲಕ್ಕೆ ಹಾಕಿದಳು. ಸ್ವಲ್ಪ ದೂರ ನಡೆದ ಮೇಲೆ ಹೇಳಿದಳು: "ಹೊಸದು ಹಾಕ್ತಾರೆ ಅಂದ್ಯಲ್ಲ. ಅದ್ರಲ್ಲಿ ಬರೀ ಇಬ್ರೇ ಇದ್ರೂ ಒಂದೇ ಕಡೆ ಕೂರೋ ಹಂಗೆ ಮಾಡಕ್ಕೆ ಹೇಳು."

ಮಾರನೇ ದಿನ ಆ ಎಂಜಿನಿಯರಿಗೆ ಫೋನ್ ಮಾಡಿ ಅದನ್ನೂ ಹೇಳಿದೆ. ಅದಕ್ಕೆ ಚಕ್ರದ ಭಾರವನ್ನೇ ಬೇರೆ ರೀತಿ ಲೆಕ್ಕ ಹಾಕಬೇಕಾಗುತ್ತದೆ, ಕೇಳಿ ನೋಡುತ್ತೇನೆ ಸಾರ್ ಎಂದ.