ಮೊಳೆಗೆ ನೇತುಹಾಕಿದ್ದ ಗಂಟುಗಳು

ಮೂರು ಮಾತಿನಲ್ಲಿ ಹೇಳಿ ಮುಗಿಸಬಹುದಾಗಿದ್ದ ಒಂದು ಸಂಗತಿಯನ್ನು ನಾನು ನನ್ನ ತಂಗಿಗೆ ಹತ್ತು ತಿಂಗಳು ಹೇಳಲಿಲ್ಲ. ಸಮಯ ಸಿಗಲಿಲ್ಲ ಎನ್ನುವಂತಿಲ್ಲ. ಪ್ರತಿ ಭಾನುವಾರ ಅವಳು ಮನೆಗೆ ಬಂದು ನನ್ನ ಪಕ್ಕದಲ್ಲೇ ಕೂತು ಊಟ ಮಾಡುತ್ತಾಳೆ. ಬಾಯಿ ಬರಲಿಲ್ಲ, ಅಷ್ಟೆ.

ಈ ಸಲದ ವರಮಹಾಲಕ್ಷ್ಮಿ ಹಬ್ಬದ ದಿನ ಬೆಳಿಗ್ಗೆ ಅಂಗಡಿಯಲ್ಲಿ ದಾರದ ಡಬ್ಬಕ್ಕೆ ಕೈ ಹಾಕಿದೆ. ಹಳೆಯ ಬಿಸ್ಕತ್ತಿನ ಡಬ್ಬ ಅದು. ಬಿಳಿ ದಾರದ ಉಂಡೆಯ ಅಡಿಯಿಂದ ಗೇಣುದ್ದದ ನೀಲಿ ದಾರವೊಂದು ಬೆರಳಿಗೆ ಅಂಟಿಕೊಂಡು ಮೇಲೆ ಬಂತು. ಅದರ ತುದಿಯಲ್ಲಿ ಟೇಪಿನ ಚೂರು, ಟೇಪಿಗೆ ಕಚ್ಚಿಕೊಂಡ ಹಳದಿ ಕಾಗದದ ಒಂದು ಮೂಲೆ. ನನಗೆ ಅದು ಏನೆಂದು ತಕ್ಷಣ ಗೊತ್ತಾಯಿತು. ಗೊತ್ತಾದ ರಭಸಕ್ಕೆ ಎದುರಿಗೆ ನಿಂತಿದ್ದ ಹೆಂಗಸಿಗೆ ಎರಡು ಮೊಳ ಮಲ್ಲಿಗೆಯ ಬದಲು ನಾಲ್ಕು ಮೊಳ ಅಳೆದುಕೊಟ್ಟೆ. ಆಕೆ ತಿರುಗಿಯೂ ನೋಡದೆ ಸರಸರ ಹೊರಟುಹೋದರು. ನಾನು ನೀಲಿ ದಾರವನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ.

ನಾನು ಚಾಮರಾಜಪೇಟೆಯಲ್ಲಿ ಹೂವಿನ ವ್ಯಾಪಾರಿ. ಓದಿದ್ದು ಏಳನೆಯ ಕ್ಲಾಸು. ಆದರೆ ಹೂ ಕಟ್ಟಿಕೊಡುವ ಹಳೆಯ ಪೇಪರನ್ನು ಓದದೆ ಯಾರ ಕೈಗೂ ಕೊಟ್ಟವನಲ್ಲ. ಆದ್ದರಿಂದ ಲೋಕದ ಯಾವ ವಿಷಯ ಎತ್ತಿದರೂ ನನಗೆ ಅರ್ಧ ಗೊತ್ತಿರುತ್ತದೆ. ಉಳಿದರ್ಧ ಯಾರದೋ ಮನೆಗೆ ಹೋಗಿರುತ್ತದೆ. ನಮ್ಮಪ್ಪನೂ ಹೂವಿನವನೇ. ತಂಗಿ ಹುಟ್ಟಿದಾಗ ಹಜಾರದಲ್ಲಿ ಸೇವಂತಿಗೆಯ ಮೂಟೆ ಇತ್ತಂತೆ, ಹೆಸರಿಗಾಗಿ ಅವನು ಹೆಚ್ಚು ದೂರ ಹೋಗಲಿಲ್ಲ. ಅವಳು ಸೇವಂತಿ. ಈಗ ಮಲ್ಲೇಶ್ವರದಲ್ಲಿ ಒಂದು ಕೋಣೆ ಮಾಡಿಕೊಂಡಿದ್ದಾಳೆ. ಕೆಲಸ ಗಣಿತದ ಸಂಶೋಧನೆ.

ಗಣಿತದ ಸಂಶೋಧನೆ ಎಂದರೆ ಏನು ಎಂದು ಗಿರಾಕಿಗಳು ಕೇಳಿದಾಗ ನಾನು ಬಹಳ ಕಾಲ 'ಲೆಕ್ಕದ ಟೀಚರ್' ಎಂದೇ ಹೇಳುತ್ತಿದ್ದೆ. ಅದು ಅವಳ ಕಿವಿಗೆ ಬಿತ್ತು. "ಅಣ್ಣ, ನಾನು ಲೆಕ್ಕ ಮಾಡೋದೇ ಇಲ್ಲ," ಅಂದಳು. ಅದು ನಿಜ. ನನ್ನ ಹೆಂಡತಿ ರತ್ನ ಇವತ್ತಿಗೂ ಆಡಿಕೊಳ್ಳುತ್ತಾಳೆ: "ಇಷ್ಟು ಓದಿ, ಹದಿನೇಳೆಂಟ್ಲಿ ಎಷ್ಟು ಅಂದ್ರೆ ಫೋನ್ ತೆಗೀತಾಳೆ."

ಅವಳು ಮಾಡುವುದು ಗಂಟುಗಳ ಗಣಿತ. ನಗಬೇಡಿ, ಮೊದಲು ನಾನೂ ನಕ್ಕಿದ್ದೆ. ಹಾಗೆ ನೋಡಿದರೆ ಅದರ ಮೂಲ ನಮ್ಮ ಹಜಾರದಲ್ಲೇ ಇದೆ. ನಾವು ಹೂ ಕಟ್ಟುವುದನ್ನು ನೀವು ನೋಡಿದ್ದೀರಿ. ದಾರವನ್ನು ಬೆರಳಿಗೆ ಸುತ್ತಿ, ತಿರುವಿ, ಹೂವಿನ ತೊಟ್ಟಿಗೆ ಹಾಕಿ ಎಳೆದರೆ ಹೂ ಬಿಗಿಯಾಗಿ ಕೂರುತ್ತದೆ. ಅವಳು ಎಂಟನೆಯ ಕ್ಲಾಸಿನಲ್ಲಿದ್ದಾಗ ಒಂದು ಒಣಗಿದ ಹಾರದಿಂದ ಹೂಗಳನ್ನೆಲ್ಲ ಕಿತ್ತು, ದಾರದ ಎರಡು ತುದಿ ಹಿಡಿದು ಎಳೆದಳು. ದಾರ ಸರಕ್ಕನೆ ನೇರವಾಯಿತು. "ಅಣ್ಣ, ಇಷ್ಟೊಂದು ಗಂಟು ಹಾಕಿದ್ಯಲ್ಲ, ಎಲ್ಲಾ ಎಲ್ಲಿ ಹೋಯ್ತು?" ಅಂದಳು. ನಾನು ಎಷ್ಟೋ ಸಾವಿರ ಹಾರ ಕಟ್ಟಿದ್ದೆ, ಆ ಪ್ರಶ್ನೆ ನನಗೆ ಬಂದಿರಲಿಲ್ಲ. "ಕೈ ತೊಳ್ಕೊಂಡು ಊಟಕ್ಕೆ ಬಾ," ಅಂದೆ. ಅವಳು ಊಟಕ್ಕೆ ಬಂದಳು, ಪ್ರಶ್ನೆಯನ್ನು ಮಾತ್ರ ಬಿಡಲಿಲ್ಲ.

ನನಗೆ ಅರ್ಥವಾದಷ್ಟು ಹೇಳುತ್ತೇನೆ. ತುದಿ ಸಿಕ್ಕರೆ ಯಾವ ಗಂಟೂ ಬಿಚ್ಚುತ್ತದೆ. ಇದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಆದ್ದರಿಂದ ಈ ಗಣಿತದವರು ಮೊದಲು ದಾರದ ಎರಡು ತುದಿಗಳನ್ನೂ ಸೇರಿಸಿ ಅಂಟಿಸಿಬಿಡುತ್ತಾರೆ. ಆಮೇಲೆ ಕೇಳುತ್ತಾರೆ: ಈಗ ಬಿಡಿಸಬೇಕಾದರೆ ಎಷ್ಟು ಕಡೆ ದಾರವನ್ನು ಕತ್ತರಿಸಿ, ಮೇಲಿದ್ದದ್ದನ್ನು ಕೆಳಗೆ ದಾಟಿಸಿ, ಮತ್ತೆ ಅಂಟಿಸಬೇಕು? ಒಂದೇ ಕಡೆ ಸಾಕೆ, ಎರಡು ಕಡೆಯೆ, ಮೂರು ಕಡೆಯೆ? ಕೆಲವು ಗಂಟುಗಳಿಗೆ ಉತ್ತರ ಇವತ್ತಿಗೂ ಯಾರಿಗೂ ತಿಳಿಯದಂತೆ.

"ಇದ್ರಿಂದ ಯಾರಿಗೆ ಏನು ಉಪಯೋಗ?" ಎಂದು ಕೇಳಿದ್ದೆ. ನಮ್ಮ ಮೈಯ ಒಂದೊಂದು ಜೀವಕೋಶದೊಳಗೂ ದಾರದಂಥ ಉದ್ದನೆಯ ಎಳೆ ಇದೆ, ಅದು ಸಿಕ್ಕು ಬೀಳುತ್ತಲೇ ಇರುತ್ತದೆ, ಅದನ್ನು ಕತ್ತರಿಸಿ ದಾಟಿಸಿ ಅಂಟಿಸುವ ಕೆಲಸವೂ ಅಲ್ಲೇ ನಡೆಯುತ್ತಿರುತ್ತದೆ ಎಂದಳು. ಆವತ್ತಿಡೀ ನನ್ನೊಳಗೆ ಯಾರೋ ಕೂತು ಹೂ ಕಟ್ಟುತ್ತಿರುವ ಹಾಗೆ ಅನಿಸುತ್ತಿತ್ತು. ಸ್ವಲ್ಪ ಹೆಮ್ಮೆಯೂ ಆಯಿತು.

ಸಂಶೋಧನೆ ಶುರುಮಾಡಿದ ಮೇಲೆ ಅವಳು ನಮ್ಮ ಮನೆಯಲ್ಲೇ ಇದ್ದ ನಾಲ್ಕು ವರ್ಷ ನಡುಮನೆಯ ಬಾಗಿಲ ಹಿಂದಿನ ಮೊಳೆಗೆ ಅವಳ ಗಂಟುಗಳು ನೇತಾಡುತ್ತಿದ್ದವು. ನೀಲಿ, ಬಿಳಿ ದಾರದ ಮೂವತ್ತು ನಲವತ್ತು ಬಳೆಗಳು. ಪ್ರತಿಯೊಂದಕ್ಕೂ ಟೇಪು, ಪ್ರತಿಯೊಂದಕ್ಕೂ ಚೀಟಿ. ಮಲ್ಲೇಶ್ವರಕ್ಕೆ ಹೋಗುವಾಗ, "ಇದೆಲ್ಲಾ ಇಲ್ಲೇ ಇರ್ಲಿ ಅಣ್ಣ, ಅಲ್ಲಿ ಗೋಡೆಗೆ ಮೊಳೆ ಹೊಡೆಯಂಗಿಲ್ಲ," ಅಂದಳು. ಭಾನುವಾರ ಬಂದಾಗ ಒಂದನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು.

ಹೋದ ವರ್ಷ ದಸರೆಗೆ ಮುಂಚೆ ಮನೆಗೆ ಸುಣ್ಣ ಬಳಿಸಿದೆವು. ಬಿನ್ನಿಪೇಟೆಯಿಂದ ಸುಣ್ಣ ಬಳಿಯುವ ಅಣ್ಣತಮ್ಮಂದಿರಿಬ್ಬರು ಬಂದಿದ್ದರು. ಅವರು ಮೊಳೆಯಲ್ಲಿದ್ದುದನ್ನೆಲ್ಲ ಜೋಪಾನವಾಗಿ ತೆಗೆದು ಮಂಚದ ಮೇಲಿಟ್ಟರು. ಮಧ್ಯಾಹ್ನ ನಾನು ಆ ರಾಶಿಯ ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ. ಹೂವಿನವನ ಮುಂದೆ ಸಿಕ್ಕಾದ ದಾರ ಇಟ್ಟರೆ ಅವನ ಕೈ ಸುಮ್ಮನಿರುವುದಿಲ್ಲ. ಒಂದು ಟೇಪು ಕಿತ್ತೆ. ತುದಿ ಸಿಕ್ಕಿತು. ಗಂಟು ಬಿಚ್ಚಿಕೊಂಡಿತು. ಇನ್ನೊಂದು. ನಿಜ ಹೇಳಬೇಕೆಂದರೆ ಬಹಳ ಖುಷಿಯಾಯಿತು. ನನ್ನ ತಂಗಿ ನಾಲ್ಕು ವರ್ಷದಿಂದ ಬಿಡಿಸಲಾಗದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ಬಿಡಿಸುತ್ತಿದ್ದೇನೆ ಎಂದುಕೊಂಡೆ! ತುದಿ ಬಚ್ಚಿಡುವುದೇ ಆಟದ ಮೊದಲ ನಿಯಮ ಎಂಬುದು ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ರತ್ನ ಬಂದು, "ರೀ, ಸೇವಂತಿನ ಕೇಳಿದ್ರಾ?" ಅಂದಳು. "ಕೇಳೋದೇನು, ದಾರ ತಾನೆ?" ಅಂದೆ. ಎಲ್ಲವನ್ನೂ ನೀಟಾಗಿ ಉಂಡೆ ಸುತ್ತಿ ಅಂಗಡಿಯ ದಾರದ ಡಬ್ಬಕ್ಕೆ ಹಾಕಿದೆ.

ಆಯುಧಪೂಜೆಯ ದಿನ ಆಟೋ ಸ್ಟ್ಯಾಂಡಿನವರೆಲ್ಲ ಒಟ್ಟಿಗೆ ಬಂದು ಹಾರಕ್ಕೆ ನಿಂತರು. ಬಿಳಿ ದಾರ ಖಾಲಿ. ನಾನು ಆ ಉಂಡೆ ತೆಗೆದೆ. ನಾಲ್ಕು ವರ್ಷದ ಗಣಿತ ಅಂದು ಸೇವಂತಿಗೆ ಹಾರವಾಗಿ ಚಾಮರಾಜಪೇಟೆಯ ಆಟೋಗಳ ಮುಂದೆ ಕೂತು ಊರೆಲ್ಲ ಸುತ್ತಿತು.

ಮಾರನೆಯ ದಿನ ಸೇವಂತಿ ಬಂದಳು. ಖಾಲಿ ಮೊಳೆ ನೋಡಿದಳು.

"ಅಣ್ಣ, ಇಲ್ಲಿದ್ದ ದಾರ?"

"ಸುಣ್ಣದವ್ರು ಎಲ್ಲೋ ಎಸೆದಿರ್ಬೇಕು ಕಣೆ."

ಯೋಚಿಸಿ ಹೇಳಿದ್ದಲ್ಲ, ನನಗಿಂತ ಮೊದಲು ಬಾಯಿ ಹೇಳಿಬಿಟ್ಟಿತು. ಕಾಫಿ ತಂದ ರತ್ನ ಹೊಸ ಸುಣ್ಣದ ಸೂರನ್ನು ನೋಡುತ್ತಾ ನಿಂತಳು. "ಅವ್ರನ್ನ ಒಂದ್ಸಲ ಕೇಳ್ಲಾ?" ಅಂದಳು ಸೇವಂತಿ. "ಊರಿಗೆ ಹೋದ್ರಂತೆ," ಅಂದೆ. ಇದು ಎರಡನೆಯ ಸುಳ್ಳು.

"ಪುಸ್ತಕದಲ್ಲಿ ಬರ್ಕೊಂಡಿಲ್ವಾ?" ಎಂದು ಕೇಳಿದೆ.

"ಎಲ್ಲಾ ಬರ್ದಿದೀನಿ. ಹಳದಿ ಚೀಟಿದೊಂದು ಮಾತ್ರ ಇಲ್ಲ. ಅದು ಇನ್ನೂ ಅರ್ಧಕ್ಕಿತ್ತು. ಇರ್ಲಿ ಬಿಡು." ಕಾಫಿ ಕುಡಿದು ಲೋಟ ತೊಳೆದಿಟ್ಟು ಹೋದಳು.

ಅಂದಿನಿಂದ ಆ ಹಳದಿ ಚೀಟಿ ನನ್ನ ಬೆನ್ನು ಹತ್ತಿತು. ಯುಗಾದಿಗೆ ಅಡುಗೆಮನೆಗೆ ಸುಣ್ಣ ಹೊಡೆಸಬೇಕಾದಾಗ ಬಿನ್ನಿಪೇಟೆಯವರನ್ನು ಕರೆಯಲು ಮುಖವಿಲ್ಲದೆ ಬೇರೆ ಯಾರನ್ನೋ ಕರೆದೆ. ಅವರು ಗೋಡೆಗೆ ಹೊಡೆದದ್ದಕ್ಕಿಂತ ಪಾತ್ರೆಗೆ ಹೊಡೆದದ್ದೇ ಜಾಸ್ತಿ.

ಆಮೇಲೆ ಆಷಾಢ ಬಂತು. ಮದುವೆಗಳಿಲ್ಲ, ಹೂವಿನವನಿಗೆ ನೊಣ ಹೊಡೆಯುವ ಕೆಲಸ. ಒಂದು ಭಾನುವಾರ ಸೇವಂತಿ ಮೈಸೂರುಪಾಕಿನ ಡಬ್ಬ ಹಿಡಿದು ನಗುನಗುತ್ತ ಬಂದಳು. ಬಂದವಳೇ ದಾರ ತನ್ನನ್ನೇ ಏಳು ಕಡೆ ಹಾಯ್ದುಹೋಗುವ ಒಂದು ಗಂಟು ಕಟ್ಟಿದಳು. ಅದರ ಪಕ್ಕದಲ್ಲಿ ಕನ್ನಡಿಯಲ್ಲಿ ಕಂಡಂತೆ ಅದರದೇ ಇನ್ನೊಂದು.

"ಅಣ್ಣ, ಇದನ್ನ ಬಿಡಿಸೋಕೆ ಮೂರು ಕಡೆ ದಾಟಿಸ್ಬೇಕು. ಇದಕ್ಕೂ ಮೂರು. ಎರಡನ್ನೂ ಒಂದೇ ದಾರದಲ್ಲಿ ಸೇರಿಸಿದ್ರೆ?"

"ಆರು."

"ಎಲ್ರೂ ಹಂಗೇ ಅಂದ್ಕೊಂಡಿದ್ರು, ಎಷ್ಟೋ ವರ್ಷದಿಂದ. ಈಗ ಹೊರದೇಶದಲ್ಲಿ ಇಬ್ರು ಕಂಪ್ಯೂಟರ್‌ಗಳಿಗೆ ಹುಡುಕೋಕೆ ಬಿಟ್ಟು ತೋರಿಸಿದಾರೆ. ಐದೇ ಸಾಕು."

"ಮೂರು ಮೂರು ಐದು ಅಂತ ನಾವು ಮೊಳ ಹಾಕಿದ್ರೆ ಗಿರಾಕಿಗಳು ಸುಮ್ನೆ ಬಿಡ್ತಾರಾ?" ಅಂದಳು ರತ್ನ.

"ಯಾಕೆ ಹಂಗೆ?" ಎಂದು ನಾನು ಕೇಳಿದೆ.

"ಯಾಕೆ ಅಂತ ಯಾರಿಗೂ ಇನ್ನೂ ಸರಿಯಾಗಿ ಗೊತ್ತಿಲ್ಲ. ಪಕ್ಕದಲ್ಲಿ ಇನ್ನೊಂದಿದ್ರೆ ಕಷ್ಟ ಕಡಿಮೆ ಆಗುತ್ತೆ, ಅಷ್ಟೇ ಗೊತ್ತು. ನಾನು ಆರೇ ಅಂತ ಸಾಧಿಸೋಕೆ ನಾಲ್ಕು ವರ್ಷ ಕೂತಿದ್ದೆ ಕಣೋ. ಸುಳ್ಳಾಯ್ತು."

"ನಿಂದು ತಪ್ಪಾಯ್ತು ಅಂತ ಸ್ವೀಟ್ ತಂದ್ಯಾ?"

"ಮತ್ತೆ? ನಮ್ಮಲ್ಲಿ ಮೊನ್ನೆ ಒಬ್ರು ದೊಡ್ಡ ಪ್ರೊಫೆಸರು ಎದ್ದು ನಿಂತು, ನಾನೂ ಆರು ಅಂತಲೇ ನಂಬಿದ್ದೆ, ತಪ್ಪು ನಂಬಿದ್ದೆ ಅಂದ್ರು. ಆಮೇಲೆ ಎಲ್ರೂ ಊಟಕ್ಕೆ ಹೋದ್ವಿ."

ನಾನು ಕೈಗೆತ್ತಿಕೊಂಡಿದ್ದ ಮೈಸೂರುಪಾಕನ್ನು ಡಬ್ಬಕ್ಕೇ ವಾಪಸ್ಸಿಟ್ಟೆ. ಒಂದು, ಅಷ್ಟು ದೊಡ್ಡವರು ಸಭೆಯಲ್ಲಿ ನಿಂತು ಹೇಳುವ ಮಾತನ್ನು ನಾನು ನಡುಮನೆಯಲ್ಲಿ ಹೇಳಲಾರದೆ ಕೂತಿದ್ದೆ. ಎರಡನೆಯದು ಇನ್ನೂ ಕೆಟ್ಟದ್ದು. ಆ ಐದು ಎಂಬುದು ಹಳದಿ ಚೀಟಿಯ ಗಂಟಿನಲ್ಲೇ ಇದ್ದಿದ್ದರೆ? ನಾನು ಬಿಚ್ಚದೇ ಇದ್ದಿದ್ದರೆ ಹೊರದೇಶದವರಿಗಿಂತ ಮೊದಲು ನಮ್ಮ ಸೇವಂತಿಯೇ ಅದನ್ನು ಕಾಣುತ್ತಿದ್ದಳೋ ಏನೋ. ಅದು ಆಟೋ ಮುಂದೆ ಬಾಡಿ ಉದುರಿಹೋಯಿತಲ್ಲ. ಮುಂದಿನ ವಾರಗಳೆಲ್ಲ ನಾನು ಕಟ್ಟಿದ ಹಾರಗಳು ಒಂದೂ ಸಮನಾಗಿರಲಿಲ್ಲ.

ಹೀಗಿರುವಾಗ ಆ ಶುಕ್ರವಾರ ನೀಲಿ ದಾರ ಸಿಕ್ಕಿದ್ದು. ಹಬ್ಬದ ನೂಕುನುಗ್ಗಲು ಮುಗಿದು ಮಧ್ಯಾಹ್ನ ಅಂಗಡಿ ತಣ್ಣಗಾದಾಗ ಸೇವಂತಿಯೇ ಬಂದಳು. ರಜೆಯಂತೆ. ಸ್ಟೂಲು ಎಳೆದುಕೊಂಡು ಕೂತು, ಉಳಿದ ಕಾಕಡವನ್ನು ಮುಂದಕ್ಕೆಳೆದುಕೊಂಡು ಕಟ್ಟತೊಡಗಿದಳು. ಅವಳ ಕೈ ಇನ್ನೂ ಕಸುಬು ಮರೆತಿಲ್ಲ. ನಾನು ಜೇಬಿನಿಂದ ದಾರ ತೆಗೆದು ಅವಳ ಮಡಿಲಲ್ಲಿಟ್ಟೆ.

"ಸುಣ್ಣದವ್ರು ಎಸೀಲಿಲ್ಲ. ನಾನೇ ಬಿಚ್ದೆ. ಎಲ್ಲಾನೂ. ಹಾರಕ್ಕೆ ಹಾಕ್ದೆ," ಅಂದೆ.

"ಗೊತ್ತು," ಅಂದಳು ಹೂ ಕಟ್ಟುತ್ತಲೇ.

"ಯಾವಾಗಿಂದ?"

"ನಿನ್ನ ಕೇಳೋದಕ್ಕೂ ಅರ್ಧ ಗಂಟೆ ಮುಂಚಿಂದ. ಆವತ್ತು ಮೆಟ್ರೋ ಇಳಿದು ಆಟೋದಲ್ಲಿ ಬಂದೆ. ಕಣ್ಣೆದುರಿಗೇ ಹಾರ, ಹಾರದೊಳಗೆ ನನ್ನ ನೀಲಿ ದಾರ. ಇಳಿಯೋವಾಗ ಆಟೋದವ್ರನ್ನ ಹಾರ ಕೇಳ್ದೆ. ಪಾಪ, ದೇವ್ರ ಹೂ ಕೇಳ್ತಿದೀನಿ ಅಂದ್ಕೊಂಡು, ತಗೊಳ್ಳಿ ಮೇಡಂ ಅಂತ ಒಂದು ತುಂಡು ಕಿತ್ತು ಕೊಟ್ರು. ಹೂ ತೆಗೆದು ಎಳೆದೆ. ಒಂದೂ ಗಂಟಿಲ್ಲ. ಸರಕ್ ಅಂತ ನೇರ. ಎಂಥಾ ಕೈಯಣ್ಣ ನಿಂದು."

"ಮತ್ತೆ ಸುಮ್ನೆ ಯಾಕಿದ್ದೆ?"

"ನೀನು ಹೇಳ್ತೀಯ ಅಂತ."

ನನ್ನ ಎದೆಯ ಭಾರವನ್ನೂ ಹೊರಗೆ ಹಾಕಿದೆ. ಹಳದಿ ಚೀಟಿಯದರಲ್ಲಿ ಆ ಐದು ಇತ್ತಾ ಎಂದು ಕೇಳಿದೆ. ಅವಳು ಹೂ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಯ್ಯೋ, ನಾನು ಹುಡುಕ್ತಿದ್ದಿದ್ದೇ ಉಲ್ಟಾ ದಿಕ್ಕಲ್ಲಿ. ಅದು ಇದ್ದಿದ್ರೆ ಇನ್ನೊಂದು ವರ್ಷ ಆರು ಆರು ಅಂತಲೇ ಕೂತಿರ್ತಿದ್ದೆ." ನಕ್ಕು ಮುಗಿದ ಮೇಲೆ ಮತ್ತೆ ಹೂ ಕೈಗೆತ್ತಿಕೊಂಡು, "ಬಿಚ್ಚಿದ್ದಕ್ಕೆ ಬೇಜಾರಾಗ್ಲಿಲ್ಲಣ್ಣ. ಆ ಸುಣ್ಣದವ್ರ ಮೇಲೆ ಹಾಕಿದ್ಯಲ್ಲ, ಅದಕ್ಕಾಯ್ತು," ಅಂದಳು.

ನಮ್ಮ ಮನೆಯಲ್ಲಿ ಆ ಒಂದು ಮಾತನ್ನು ದೇವರ ಮುಂದೆ ಕೆನ್ನೆ ಬಡಿದುಕೊಳ್ಳುವಾಗ ಬಿಟ್ಟರೆ ಯಾರೂ ಯಾರಿಗೂ ಹೇಳಿದ್ದಿಲ್ಲ. ಅಪ್ಪ ಅಮ್ಮನಿಗೆ ಹೇಳಿದ್ದು ಕೇಳಿಲ್ಲ. ನಾನು ರತ್ನಳಿಗೆ ಹೇಳಿಲ್ಲ. ಈಗ ಅದನ್ನು ದಾರದ ಉಂಡೆ ನೋಡುತ್ತಾ ಗೊಣಗಿದೆ.

"ದಾರಕ್ಕೆ ಹೇಳ್ತಿದೀಯೋ, ನಂಗೆ ಹೇಳ್ತಿದೀಯೋ?" ಅಂದಳು. ಅಷ್ಟರಲ್ಲಿ ಒಂದು ಬಸ್ಸು ಬೇರೆ ಹಾರ್ನ್ ಹೊಡೆದುಕೊಂಡು ಹೋಯಿತು. ಅದು ಹೋಗುವವರೆಗೂ ಕಾದೆ. ಚೆಂಡುಹೂ ಕೇಳಲು ಬಂದು ನಿಂತ ಹೆಂಗಸಿಗೂ, ಪಕ್ಕದ ಬಾಳೆಹಣ್ಣಿನವನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ತಪ್ಪಾಯ್ತು ಕಣೆ ಸೇವಂತಿ. ನಂದೇ ತಪ್ಪು. ನಾಳೆ ಬಿನ್ನಿಪೇಟೆಗೆ ಹೋಗಿ ಅವ್ರಿಬ್ರಿಗೂ ಹೇಳ್ತೀನಿ."